ಗೇಣುದ್ದದ ಪೈಪು

2011ರ ಫೆಬ್ರವರಿ 13, ಭಾನುವಾರ. ಬೆಳಿಗ್ಗೆ ಹತ್ತು ಗಂಟೆ. ಕೊಪ್ಪಳದಿಂದ ಗಿಣಿಗೇರಾ ಕಡೆಗೆ ಹೋಗುವ ರಸ್ತೆಯಲ್ಲಿ ಈರಣ್ಣನ ಡೀಸಲ್ ಪಂಪ್ ರಿಪೇರಿ ಅಂಗಡಿ. ಅಲ್ಲಿ ಇದ್ದವರು ಮೂವರು: ಅಂಗಡಿಯ ಯಜಮಾನ ಈರಣ್ಣ, ಗಿಣಿಗೇರಾದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ ಪ್ರಕಾಶ ಮತ್ತು ನಾನು. ಈಗ ಬರೆಯುತ್ತಿರುವುದು ಈರಣ್ಣನ ಕಣ್ಣಿನ ವಿಷಯ, ಅದರಲ್ಲಿ ನನ್ನ ಪಾಲು ಎಷ್ಟು ಎನ್ನುವ ವಿಷಯ. ಅಂದೇ ಬರೆದಿಡಬೇಕಿತ್ತು. ಕೈ ಬರಲಿಲ್ಲ.

ನನ್ನ ಬಗ್ಗೆ ಎರಡು ಮಾತು. ಸರಕಾರಿ ಬಸ್ ಡಿಪೋಗಳಲ್ಲಿ ಮೂವತ್ತೊಂದು ವರ್ಷ ಡೀಸಲ್ ಪಂಪಿನ ವಿಭಾಗ ನೋಡಿಕೊಂಡವನು ನಾನು. ಕುಷ್ಟಗಿ, ಗಂಗಾವತಿ, ಕೊನೆಗೆ ಕೊಪ್ಪಳ. ಐದಕ್ಕೆ ಏಳುವುದು, ವಾಕಿಂಗ್, ಸ್ನಾನ, ಪೂಜೆ, ಎಂಟೂವರೆಗೆ ನಾಷ್ಟಾ, ಹತ್ತಕ್ಕೆ ಈರಣ್ಣನ ಅಂಗಡಿ, ಒಂದಕ್ಕೆ ಊಟ. ನಿವೃತ್ತಿಯಾದ ಮೇಲೂ ಇದರಲ್ಲಿ ಹತ್ತು ನಿಮಿಷ ಆಚೀಚೆ ಆಗಲು ನಾನು ಬಿಟ್ಟಿರಲಿಲ್ಲ. ಈರಣ್ಣ ಡಿಪೋದಲ್ಲಿ ನನ್ನ ಕೈಕೆಳಗೆ ದಿನಗೂಲಿಯ ಮೇಲೆ ಕೆಲಸ ಕಲಿತು, ಆಮೇಲೆ ಸ್ವಂತ ಅಂಗಡಿ ಹಾಕಿದವನು. 2011ರಲ್ಲಿ ಅವನಿಗೆ ಐವತ್ತೆರಡು. ನನಗಿಂತ ಒಳ್ಳೆಯ ಕೆಲಸಗಾರನಾಗಿದ್ದ. ಆದರೂ ಅಂಗಡಿಯಲ್ಲಿ ನನಗೊಂದು ಕುರ್ಚಿ ಇಟ್ಟಿದ್ದ, ಸಾಹೇಬ್ರ ಎಂದೇ ಕರೆಯುತ್ತಿದ್ದ, ನಾನು ಹೂಂ ಅನ್ನದೆ ದೊಡ್ಡ ಕೆಲಸ ಬಿಚ್ಚುತ್ತಿರಲಿಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಬೀಡಿ ಕೂಡ ಮುಟ್ಟಿದವನಲ್ಲ.

ಪ್ರಕಾಶ ಯಲಬುರ್ಗಾದವನು, ಮೂವತ್ತೈದರ ಆಸುಪಾಸು. ರಟ್ಟಿನ ಡಬ್ಬಿಯಿಂದ ಒಂದು ಆಟದ ಕಾರು ತೆಗೆದು ಟೇಬಲ್ ಮೇಲೆ ಇಟ್ಟ. ಒಂದೂವರೆ ಅಡಿ ಉದ್ದ. ದೂರದಿಂದ ರಿಮೋಟ್ ಹಿಡಿದು ಓಡಿಸುವಂಥದು. ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬ ಅವನಿಗೆ ಬಿಟ್ಟು ಹೋಗಿದ್ದನಂತೆ.

“ಕಾಕಾ, ಇದು ಬ್ಯಾಟರಿದಲ್ರಿ. ಒಳಗ ಖರೇನ ಇಂಜಿನ್ ಐತಿ. ಎಣ್ಣಿ ಕುಡದು ಓಡ್ತೈತಿ,” ಎಂದ.

ಈರಣ್ಣ ಕನ್ನಡಕ ಏರಿಸಿ ಬಗ್ಗಿ ನೋಡಿದ. “ಲಿಂಬಿಹಣ್ಣಿನಷ್ಟ ಐತಲ್ಲೋ ಇದರ ಇಂಜಿನ್! ಇದಕ್ಕ ಪಾನಾ ಎಲ್ಲಿಂದ ತರ್ಲಿ? ವಾಚ್ ರಿಪೇರಿ ಅಂಗಡಿಗೆ ಹೋಗು.”

“ಹೋಗಿದ್ನೆಲ್ರಿ. ಅವರು ಡೀಸಲ್ ಈರಣ್ಣನ ಕಡೆ ಹೋಗು ಅಂದ್ರು.”

ಮೂವರೂ ನಕ್ಕೆವು. ಆಮೇಲೆ ನಾನು ಪದ್ಧತಿ ಪ್ರಕಾರ ಕೇಳತೊಡಗಿದೆ. “ಏನ್ ತ್ರಾಸ ಐತಿ ಹೇಳು ತಮ್ಮಾ.”

“ಚಾಲೂ ಆಗ್ತೈತ್ರಿ ಸರ್. ಇಪ್ಪತ್ತು ಹೆಜ್ಜಿ ಓಡ್ತೈತಿ. ಆಮ್ಯಾಲ ಬಂದ್.”

“ಬಂದ್ ಆಗೂ ಮುಂಚೆ ಚೀರ್ತೈತೋ, ಮುಲುಕ್ತೈತೋ?”

“ಚೀರ್ತೈತ್ರಿ. ಒಮ್ಮಿಂದೊಮ್ಮೆಲೆ ಜೋರಾಗಿ ಚೀರಿ ನಿಲ್ತೈತಿ.”

“ಹಂಗಾರ ಎಣ್ಣಿ ಸಾಲವಲ್ದು,” ಎಂದೆ. ಈರಣ್ಣ ತಲೆಯಾಡಿಸಿದ. ಯಾವ ಇಂಜಿನ್ನಾದರೂ ಎಣ್ಣೆ ಕಡಿಮೆಯಾಗಿ ಗಾಳಿ ಹೆಚ್ಚಾದಾಗ ಹಾಗೆಯೇ ಚೀರುವುದು.

ಪ್ರಕಾಶ ಕೂಲ್‌ಡ್ರಿಂಕ್ಸಿನ ಖಾಲಿ ಬಾಟಲಿಯಲ್ಲಿ ಎಣ್ಣೆ ತಂದಿದ್ದ. ನಸುಗೆಂಪು ಬಣ್ಣ, ನೋಡಲು ಶರಬತ್ತಿನ ಹಾಗೆ. ಎಣ್ಣೆಯ ದೊಡ್ಡ ಡಬ್ಬಿ ಅವನ ಕ್ವಾರ್ಟರ್ಸಿನಲ್ಲಿತ್ತು. ಟ್ಯಾಂಕು ಒಂದು ಚಹಾದ ಕಪ್ಪಿನಷ್ಟು. ಅದರಿಂದ ಇಂಜಿನ್ನಿಗೆ ಹೋಗುವ ಪೈಪು ಗಾಜಿನ ಹಾಗೆ ಪಾರದರ್ಶಕ, ಉದ್ದ ಒಂದು ಗೇಣು. ಇಂಜಿನ್ ಚಾಲೂ ಮಾಡಿದಾಗ ಆ ಪೈಪಿನಲ್ಲಿ ಎಣ್ಣೆಯ ಜೊತೆ ಗುಳ್ಳೆಗಳು ಹರಿಯುವುದು ಕಂಡಿತು. ಹದಿನೈದು ಸೆಕೆಂಡಿಗೆ ಚೀರಿತು, ನಿಂತಿತು.

ನನಗೆ ನನ್ನದೇ ಒಂದು ಕ್ರಮವಿತ್ತು. ಎಣ್ಣೆಯ ದೋಷ ಹುಡುಕುವಾಗ ಮೊದಲು ಟ್ಯಾಂಕು, ಆಮೇಲೆ ಪೈಪು, ಆಮೇಲೆ ಫಿಲ್ಟರ್, ಕೊನೆಗೆ ಇಂಜಿನ್. ನೂರಾರು ಬಸ್ಸುಗಳಲ್ಲಿ ಈ ಕ್ರಮ ನನ್ನನ್ನು ಕೈಬಿಟ್ಟಿರಲಿಲ್ಲ. “ಈರಣ್ಣ, ಟ್ಯಾಂಕಿನಿಂದ ಎಣ್ಣಿ ಬರ್ತೈತೋ ಇಲ್ಲೋ ನೋಡು,” ಎಂದೆ.

ಈರಣ್ಣ ಇಂಜಿನ್ ತುದಿಯ ಪೈಪು ಕಳಚಿ ಬಾಯಿಯ ಹತ್ತಿರ ಹಿಡಿದ. ಇದನ್ನು ಓದುಗರಿಗೆ ಬಿಡಿಸಿ ಹೇಳಬೇಕು. ನಮ್ಮ ಕಡೆ ಡೀಸಲ್ ಕೆಲಸ ಮಾಡುವ ಎಲ್ಲರೂ ಪೈಪು ಪರೀಕ್ಷಿಸುವುದು ಬಾಯಿಂದಲೇ. ಎಳೆದು ನೋಡಿದರೆ ಎಲ್ಲಿ ಕಟ್ಟಿದೆ, ಎಲ್ಲಿ ಗಾಳಿ ಸೇರುತ್ತಿದೆ ಎಂಬುದು ನಾಲಿಗೆಗೆ ತಿಳಿಯುತ್ತದೆ. ಬಂದದ್ದನ್ನು ಉಗುಳಿ ಬಾಯಿ ಒರೆಸಿಕೊಂಡರೆ ಮುಗಿಯಿತು. ಈರಣ್ಣನಿಗೆ ಇದನ್ನು ಕಲಿಸಿದವನು ನಾನೇ. ಡಿಪೋಕ್ಕೆ ಹೊಸದಾಗಿ ಬಂದವರು ಮುಖ ಸಿಂಡರಿಸಿದರೆ ನಗುತ್ತಿದ್ದೆ.

“ಕಾಕಾ, ಬಾಯಿ ಹಚ್ಚಬ್ಯಾಡ್ರಿ,” ಎಂದ ಪ್ರಕಾಶ. “ಅದು ಪೆಟ್ರೋಲ್ ಅಲ್ರಿ, ಡೀಸಲ್ ಅಲ್ರಿ. ಯಾವುದೋ ಬ್ಯಾರೆ ಕೆಮಿಕಲ್ ಐತಿ.”

ಈರಣ್ಣ ಪೈಪು ಹಿಡಿದುಕೊಂಡೇ ನನ್ನ ಮುಖ ನೋಡಿದ. ನಾನು ಬೇಡ ಎಂದಿದ್ದರೆ ಕೆಳಗಿಡುತ್ತಿದ್ದ.

“ಹಚ್ಚು, ಹಚ್ಚು,” ಎಂದೆ. “ವರ್ಷಾನುಗಟ್ಲೆ ಡೀಸಲ್ ಉಗುಳಿದ ಬಾಯಿ ಅದು. ಈ ಆಟದ ಸಾಮಾನಿನಿಂದ ಏನಾಗ್ತೈತಿ?”

ಬಸ್ಸಿನ ಪೈಪು ಮಾರುಗಟ್ಟಲೆ ಇರುತ್ತದೆ. ಡೀಸಲ್ ಬರುವುದು ಪೈಪು ತಣ್ಣಗಾಗುವುದರಲ್ಲೇ ಗೊತ್ತಾಗುತ್ತದೆ. ತುಟಿ ತೆಗೆಯಲು ಸಮಯವಿರುತ್ತದೆ. ಇದು ಗೇಣುದ್ದದ ಪೈಪು. ಈರಣ್ಣ ಬಸ್ಸಿಗೆ ಎಳೆಯುವ ಜೋರಿನಲ್ಲೇ ಎಳೆದ. ಎಣ್ಣೆ ಒಮ್ಮೆಗೇ ಬಾಯಿ ತುಂಬಿ ಗಂಟಲಿಗಿಳಿಯಿತು. ಕೆಮ್ಮಿದ, ಕಣ್ಣಲ್ಲಿ ನೀರು ಬಂತು.

“ಸಿಹಿ ಐತ್ರಿ ಸಾಹೇಬ್ರ,” ಎಂದ.

“ಹಂಗಾರ ಚಹಾಕ್ಕ ಸಕ್ರಿ ಉಳೀತು,” ಎಂದೆ ನಾನು. ಪ್ರಕಾಶ ನಗಲಿಲ್ಲ. ನಾವಿಬ್ಬರೂ ನಕ್ಕೆವು.

ಟ್ಯಾಂಕಿನೊಳಗಿನ ಸಣ್ಣ ಫಿಲ್ಟರ್ ತೆಗೆದು ತೊಳೆದೆವು. ಪೈಪು ಬದಲಿಸಿದೆವು. ಪ್ರತಿ ಸಲ ಈರಣ್ಣ ಎಳೆದು ನೋಡಿದ. ಒಟ್ಟು ಐದು ಸಲ. ಎರಡು ಮೂರು ಸಲ ಹೊಟ್ಟೆಗೆ ಹೋಯಿತೆಂದು ಆಮೇಲೆ ಆಸ್ಪತ್ರೆಯಲ್ಲಿ ಹೇಳಿದ. ಅಷ್ಟೆಲ್ಲ ಮಾಡಿದ ಮೇಲೆ ಕಾರು ಇಪ್ಪತ್ತರ ಬದಲು ಮೂವತ್ತು ಹೆಜ್ಜೆ ಓಡಿ ಚೀರಿ ನಿಂತಿತು. ಗಂಟೆ ಹನ್ನೆರಡೂ ಮುಕ್ಕಾಲು. ನಾನು ಎದ್ದೆ. “ನಾಳಿ ಹತ್ತಕ್ಕ ಮತ್ತ ನೋಡೋಣು,” ಎಂದು ಮನೆಗೆ ಬಂದು ಊಟ ಮಾಡಿದೆ.

ಸಂಜೆ ಏಳಕ್ಕೆ ಈರಣ್ಣನ ಫೋನ್. “ಹೊಟ್ಟಿ ತೊಳಸಾಕತ್ತೈತ್ರಿ. ತಲಿ ಭಾರ ಆಗೈತಿ.”

“ಎಣ್ಣಿ ಒಳಗ ಹೋಗೈತಿ, ಅದಕ್ಕ. ಒಂದು ಚರಿಗಿ ಮಜ್ಜಿಗಿ ಕುಡದು ಮಲ್ಕೋ,” ಎಂದೆ.

ಮರುದಿನ, ಸೋಮವಾರ, ಬೆಳಿಗ್ಗೆ ಆರು ಗಂಟೆ. ವಾಕಿಂಗ್ ಮುಗಿಸಿ ಮನೆಯ ಗೇಟು ತೆಗೆಯುತ್ತಿದ್ದೆ. ಫೋನ್ ಬಂತು. ಈರಣ್ಣನ ಹೆಂಡತಿ ಶಾಂತವ್ವ.

“ಸಾಹೇಬ್ರ, ಇವರು ಎದ್ದು ಕುಂತಾರ. ಕಣ್ಣು ಮಂಜ ಆಗ್ಯಾವ ಅನ್ನಾಕತ್ಯಾರ. ರಾತ್ರಿ ಎರಡು ಸಲ ವಾಂತಿ ಆತ್ರಿ. ಏನ್ ಮಾಡ್ಲಿ?”

“ಗ್ಯಾಸ್ ಆಗಿರಬೇಕವ್ವ. ಕಣ್ಣಿಗೆ ತಣ್ಣೀರು ಹಚ್ಚಾಕ ಹೇಳು. ಹತ್ತಕ್ಕ ಬರ್ತೀನಲ್ಲ, ನೋಡ್ತೀನಿ.”

“ಹೂಂ ರೀ,” ಎಂದಳು. ನಾನು ಹೇಳಿದ್ದಕ್ಕೆ ಆ ಮನೆಯಲ್ಲಿ ಎದುರು ಮಾತಿರಲಿಲ್ಲ.

ಆರರಿಂದ ಹತ್ತರವರೆಗೆ ನಾನು ಮಾಡಿದ್ದನ್ನು ಬರೆಯುತ್ತೇನೆ. ದಾಡಿ ಮಾಡಿಕೊಂಡೆ. ಸ್ನಾನ ಮಾಡಿದೆ. ಪೂಜೆ ಮಾಡಿದೆ. ನಾಷ್ಟಾ ಮಾಡಿದೆ. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಆ ನಾಲ್ಕು ತಾಸಿನಲ್ಲಿ ಶಾಂತವ್ವನ ಮಾತು ಒಂದೆರಡು ಸಲ ನೆನಪಿಗೆ ಬಂತು. ಹತ್ತಕ್ಕೆ ಹೇಗೂ ಹೋಗುತ್ತೇನಲ್ಲ ಎಂದುಕೊಂಡೆ.

ಹತ್ತಕ್ಕೆ ಹೋದರೆ ಅಂಗಡಿಯ ಶಟರ್ ಮುಚ್ಚಿತ್ತು. ಅಂಗಡಿಯ ಹಿಂದೆಯೇ ಅವನ ಮನೆ. ಹೋದೆ. ಈರಣ್ಣ ಕಟ್ಟೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕುಳಿತಿದ್ದ. ಬಿಸಿಲು ನೇರವಾಗಿ ಮುಖಕ್ಕೆ ಬಡಿಯುತ್ತಿತ್ತು. ಎರಡೂ ಕಣ್ಣು ಪೂರ್ತಿ ತೆರೆದು ಆ ಸೂರ್ಯನನ್ನೇ ನೋಡುತ್ತಿದ್ದ. ರೆಪ್ಪೆ ಬಡಿಯುತ್ತಿರಲಿಲ್ಲ.

“ಯಾರದು? ಸಾಹೇಬ್ರೇನ್ರಿ?” ಎಂದ. “ಇವತ್ತ ಮಂಜು ಬಿದ್ದೈತೇನ್ರಿ? ಏನೂ ಕಾಣವಲ್ದು. ಎಲ್ಲಾ ಹಾಲು ಚೆಲ್ಲಿದಂಗ ಐತಿ.”

ಕೊಪ್ಪಳದಲ್ಲಿ ಫೆಬ್ರವರಿಯ ಹತ್ತು ಗಂಟೆಗೆ ಎಲ್ಲಿಯ ಮಂಜು. ಶಾಂತವ್ವನಿಗೆ ಆಟೋ ಕರೆಯಲು ಹೇಳಿ ಪ್ರಕಾಶನಿಗೆ ಫೋನ್ ಮಾಡಿದೆ. ಅವನು ಡ್ಯೂಟಿಯಲ್ಲಿದ್ದ. ಎಣ್ಣೆಯ ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಕೇಳಿದೆ. ಅವನು ಕ್ವಾರ್ಟರ್ಸಿನಲ್ಲಿದ್ದ ಹೆಂಡತಿಯ ನಂಬರ್ ಕೊಟ್ಟ. ಆ ಹೆಣ್ಣುಮಗಳು ಡಬ್ಬಿಯನ್ನು ಬಾಗಿಲ ಬೆಳಕಿಗೆ ತಂದು ಒಂದೊಂದೇ ಅಕ್ಷರ ಓದಿದಳು. ನಾನು ಗೋಡೆಗೆ ಡೈರಿ ಒತ್ತಿ ಹಿಡಿದು ಬರೆದುಕೊಂಡೆ. ಮೆಥನಾಲ್. ನೈಟ್ರೋಮೀಥೇನ್. 

“ಕೆಳಗ ತಲಿಬುರುಡಿ ಚಿತ್ರ ಐತ್ರಿ ಅಣ್ಣಾರ,” ಎಂದಳು. “ನುಂಗಿದರ ಜೀವ ಹೋಗಬಹುದು, ಇಲ್ಲಾ ಕಣ್ಣು ಹೋಗಬಹುದು ಅಂತ ಇಂಗ್ಲಿಷಿನ್ಯಾಗ ಬರದಾರ. ಯಾಕ್ರಿ? ಯಾರಿಗೆ ಏನಾತ್ರಿ?”

ನಾನು ಫೋನ್ ಇಟ್ಟೆ.

ಊರೊಳಗಿನ ಒಂದು ಆಸ್ಪತ್ರೆಗೆ ಹೋದೆವು. ಈರಣ್ಣ ನನ್ನ ಮೊಣಕೈ ಹಿಡಿದು ನಡೆಯುತ್ತಿದ್ದ. ಉಸಿರು ಜೋರಾಗಿತ್ತು, ಓಡಿ ಬಂದವನ ಹಾಗೆ. ಸ್ಪಿರಿಟ್ ಥರದ್ದು ಹೊಟ್ಟೆಗೆ ಹೋಗಿದೆ ಎಂದು ನಾನು ಹೇಳುತ್ತಿದ್ದಂತೆ ಚೀಟಿ ಬರೆಯುವವನು ತಲೆಯೆತ್ತಿ ಈರಣ್ಣನ ವಿಭೂತಿ ನೋಡಿ ನಕ್ಕ. “ಏನ್ ಯಜಮಾನ್ರ, ಸಾರಾಯಿ ಪಾಕೀಟು ಬಂದ್ ಆದ ಮ್ಯಾಲ ಸ್ಪಿರಿಟ್ಟಿಗೇ ಕೈ ಹಚ್ಚಿದ್ರೇನು?”

“ನಿನ್ನ ಬಾಯಾಗ ಮಣ್ಣು ಬೀಳ್ಲಿ!” ಎಂದಳು ಶಾಂತವ್ವ. ಇಡೀ ವರಾಂಡ ತಿರುಗಿ ನೋಡಿತು. “ಎಲಿ ಅಡಿಕಿ ಸುದ್ದಾ ಹಾಕದ ಮನಷ್ಯಾ ಅದಾನ ನನ್ನ ಗಂಡ. ದುಡಿಯೂ ಮುಂದ ಹೊಟ್ಟಿಗೆ ಹೋಗೈತಿ ಅದು. ನೀ ಡಾಕ್ಟರ್ನ ಕರೀತೀಯೋ ಇಲ್ಲೋ?”

ಬಂದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನನ್ನ ಡೈರಿಯ ಹಾಳೆ ನೋಡಿದ ಕೂಡಲೇ ಅವರ ಮುಖ ಬದಲಾಯಿತು. “ಎಷ್ಟು ತಾಸಾತು ಕುಡದು?”

“ನಿನ್ನೆ ಹತ್ತೂವರೆಯಿಂದ ಹನ್ನೆರಡೂವರೆ ಒಳಗ.”

“ಕಣ್ಣು ಮಂಜಾಗಿದ್ದು?”

“ಇವತ್ತ ಆರಕ್ಕ.”

ಅವರು ಗೋಡೆಯ ಗಡಿಯಾರ ನೋಡಿದರು. ಹತ್ತೂ ಮುಕ್ಕಾಲು. “ಇಷ್ಟೊತ್ತನ ಏನ್ ಮಾಡಿದ್ರಿ?” ಎಂದರು. ಉತ್ತರಕ್ಕೆ ಕಾಯದೆ ನರ್ಸನ್ನು ಕೂಗಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಈ ವಿಷ ರಕ್ತದಲ್ಲಿ ಕರಗಿ ಇನ್ನೂ ಕೆಟ್ಟ ವಿಷವಾಗುತ್ತಿದೆ. ಅದನ್ನು ತಡೆಯಲು ಈಗ ಕೈಗೆ ಸಿಗುವ ಔಷಧ ಕುಡಿಯುವ ಮದ್ಯ ಒಂದೇ. ಬ್ರಾಂದಿಯಾದರೂ ಸರಿ, ವಿಸ್ಕಿಯಾದರೂ ಸರಿ. ತನ್ನಿ. ಅದನ್ನು ಲೆಕ್ಕ ಹಿಡಿದು ಕೊಡುತ್ತ ಬಳ್ಳಾರಿಗೆ ಕರೆದೊಯ್ದು ಮಷಿನ್ನಿನಲ್ಲಿ ರಕ್ತ ಶುದ್ಧ ಮಾಡಿಸಬೇಕು. ಕಣ್ಣಿನ ಮಾತು ಆಮೇಲೆ, ಮೊದಲು ಜೀವ ಉಳಿಯಬೇಕು.

ಅರವತ್ತೈದನೇ ವಯಸ್ಸಿನಲ್ಲಿ ನಾನು ಮೊದಲ ಬಾರಿ ವೈನ್ ಶಾಪಿನ ಮುಂದೆ ನಿಂತೆ. ಬೆಳಗಿನ ಹನ್ನೊಂದಕ್ಕೇ ಅಲ್ಲಿ ಗುಂಪಿತ್ತು. ಗುಂಪಿನಲ್ಲಿ ಒಬ್ಬ ನನ್ನನ್ನು ಗುರುತಿಸಿದ. ಕುಡಿದು ಡ್ಯೂಟಿಗೆ ಬಂದನೆಂದು ನಾನೇ ಎರಡು ಸಲ ರಿಪೋರ್ಟ್ ಮಾಡಿದ್ದ ಹಳೆಯ ಡ್ರೈವರ್.

“ಅರೇ ಸಾಹೇಬ್ರ! ನೀವೂ ನಮ್ಮ ಪಾರ್ಟಿಗೆ ಬಂದ್ರೇನು?” ಎಂದು ಜೋರಾಗಿ ನಕ್ಕ.

“ಈರಣ್ಣ ವಿಷ ಕುಡದಾನ. ಗೊತ್ತಾಗಲಾರದ. ಡಾಕ್ಟರ್ ಬ್ರಾಂದಿ ತಾ ಅಂದಾರ,” ಎಂದೆ. 

ಅವನ ನಗು ಅಲ್ಲೇ ನಿಂತಿತು. “ಸರೀರ್ಲೇ ಎಲ್ಲಾರೂ! ಜೀವದ ಕೆಲಸ ಐತಿ,” ಎಂದು ಮುಂದಿದ್ದವರನ್ನು ತಳ್ಳಿ ಒಳ್ಳೆಯ ಬಾಟಲಿ ಎರಡು ತಾನೇ ಆರಿಸಿ ನನ್ನ ಚೀಲಕ್ಕೆ ಹಾಕಿದ. 

ಈರಣ್ಣ ಕುಡಿಯಲು ಒಪ್ಪಲಿಲ್ಲ. ವಾಸನೆಗೇ ತಿಳಿಯಿತು ಅವನಿಗೆ. ಬಾಯಿ ಬಿಗಿದು ಕೊರಳಿನ ಲಿಂಗವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ. “ಬ್ಯಾಡ್ರಿ ಸಾಹೇಬ್ರ. ಕಣ್ಣು ಹೋದ್ರ ಹೋಗ್ಲಿ. ಇದೊಂದು ಬ್ಯಾಡ.”

ನನ್ನ ಮಾತಿಗೆ ಅವನು ಬೇಡ ಎಂದದ್ದು ಅದೇ ಮೊದಲು. ಶಾಂತವ್ವ ನನ್ನ ಕೈಯಿಂದ ಲೋಟ ತೆಗೆದುಕೊಂಡಳು. “ಇಕಾ ನೋಡ್ರಿ, ನಾ ಕುಡಸಾಕತ್ತೀನಿ. ಪಾಪ ಬಂದ್ರ ನನಗ ಬರ್ಲಿ. ನೀವು ಬಾಯಿ ತಗೀರಿ,” ಎಂದಳು. ಅವನು ಬಾಯಿ ತೆರೆದ. ಕಣ್ಣೀರು ಎರಡೂ ಕಡೆ ಇಳಿಯುತ್ತಿತ್ತು. ಡಾಕ್ಟರಮ್ಮ ನೀರು ಬೆರೆಸಿ ಅಳತೆ ಮಾಡಿ ಕೊಟ್ಟರು, ಯಾವ ಹೊತ್ತಿಗೆ ಎಷ್ಟು ಎಂದು ಚೀಟಿ ಬರೆದು ನನ್ನ ಕೈಯಲ್ಲಿಟ್ಟರು.

ಹನ್ನೆರಡಕ್ಕೆ ಆಂಬುಲೆನ್ಸ್ ಹೊರಟಿತು. ಗಿಣಿಗೇರಾದ ಕ್ರಾಸಿನಲ್ಲಿ ಪ್ರಕಾಶ ಕಾರ್ಖಾನೆಯ ಬಟ್ಟೆಯಲ್ಲೇ ಡಬ್ಬಿ ಹಿಡಿದು ನಿಂತಿದ್ದ. ಹತ್ತಿಕೊಂಡ. ಡಾಕ್ಟರಿಗೆ ತೋರಿಸಲು ಬೇಕಾದೀತೆಂದು ತಂದಿದ್ದ. ಈರಣ್ಣನ ಕಾಲ ಬಳಿ ಕುಳಿತು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಳತೊಡಗಿದ.

“ಅಳಬ್ಯಾಡೋ ತಮ್ಮಾ,” ಎಂದ ಈರಣ್ಣ. ಮದ್ಯಕ್ಕೋ ವಿಷಕ್ಕೋ ನಾಲಿಗೆ ತಡವರಿಸುತ್ತಿತ್ತು. “ನೀ ಹಚ್ಚಬ್ಯಾಡ ಅಂದಿದ್ದಿ.”

ಹಚ್ಚು ಎಂದವರು ಯಾರು ಎಂದು ಅವನು ಹೇಳಲಿಲ್ಲ. ಯಾರೂ ಹೇಳಲಿಲ್ಲ. ಚೀಟಿ ನೋಡಿ, ಗಡಿಯಾರ ನೋಡಿ, ನಾನು ಅಳತೆ ಮಾಡಿ ಶಾಂತವ್ವನಿಗೆ ಕೊಡುತ್ತಿದ್ದೆ. ಅವಳು ಕುಡಿಸುತ್ತಿದ್ದಳು. ಕೊಟ್ಟ ಹೊತ್ತನ್ನು ಡೈರಿಯಲ್ಲಿ ಬರೆಯುತ್ತಿದ್ದೆ. ಹಿಟ್ನಾಳ ದಾಟುವಾಗ ಅವಳು ನನ್ನ ಕಡೆ ನೋಡದೆ, ಗಂಡನ ಬಾಯಿ ಸೆರಗಿನಿಂದ ಒರೆಸುತ್ತ, “ಆರಕ್ಕ ಫೋನ್ ಮಾಡಿದ್ನೆಲ್ರಿ ಸಾಹೇಬ್ರ,” ಎಂದಳು. ಬೈದು ಹೇಳಲಿಲ್ಲ. ಇಷ್ಟು ಹೊತ್ತಿಗೆ ಇದು ನಡೆಯಿತು ಎಂದು ಹೇಳುವ ಹಾಗೆ ಹೇಳಿದಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಎರಡು ಸಲ ರಕ್ತ ಶುದ್ಧ ಮಾಡಿದರು. ಮೂರನೇ ದಿನ ಜೀವಕ್ಕೆ ಅಪಾಯವಿಲ್ಲ ಎಂದರು. ಎಂಟನೇ ದಿನ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ ನನ್ನನ್ನು ಹೊರಗೆ ಕರೆದರು. ಕಣ್ಣಿನ ಹಿಂದಿನ ನರ ಸುಟ್ಟಿದೆ, ಅಂಚಿನಲ್ಲಿ ಸ್ವಲ್ಪ ನೆರಳು ಬೆಳಕು ತಿಳಿಯಬಹುದು, ಮುಂದಿರುವ ಮನುಷ್ಯನ ಮುಖ ಇನ್ನು ಕಾಣುವುದಿಲ್ಲ, ಎಂದರು.

“ನಾಲ್ಕು ತಾಸು ಮುಂಚೆ ತಂದಿದ್ರ?” ಎಂದು ಕೇಳಿದೆ.

“ಹೇಳಾಕ ಬರೂದಿಲ್ಲ. ಸ್ವಲ್ಪ ಉಳೀತಿತ್ತೋ ಏನೋ. ಅದನ್ನ ತಿಳಕೊಂಡು ಈಗ ಏನ್ ಮಾಡ್ತೀರಿ ಅಜ್ಜಾರ?” ಎಂದರು.

ಅದೇ ದಿನ ಪ್ರಕಾಶ ಬಂದಿದ್ದ. ರಜೆ ಸಿಕ್ಕಾಗಲೆಲ್ಲ ಬರುತ್ತಿದ್ದ. ವರಾಂಡದ ಬೆಂಚಿನ ಮೇಲೆ ಕುಳಿತು, ಕಾರನ್ನು ಬಿಚ್ಚಿ ನೋಡಿದೆ ಎಂದ. ವರ್ಗವಾಗಿ ಹೋದ ಸಹೋದ್ಯೋಗಿಗೆ ಫೋನ್ ಮಾಡಿ ಕೇಳಿದ್ದನಂತೆ.

“ಸೈಲೆನ್ಸರಿನಿಂದ ಟ್ಯಾಂಕಿಗೆ ಇನ್ನೊಂದು ಸಣ್ಣ ಪೈಪ್ ಇತ್ತಲ್ರಿ ಸರ್?”

“ಇತ್ತು. ಓವರ್‌ಫ್ಲೋ ಪೈಪ್.”

“ಅಲ್ರಿ. ಸೈಲೆನ್ಸರಿನ ಹೊಗಿ ಆ ಪೈಪಿನ್ಯಾಗ ಹಾದು ಟ್ಯಾಂಕಿಗೆ ಬಂದು ಎಣ್ಣೀನ ದೂಡ್ತೈತಂತ. ಈ ಇಂಜಿನ್ನಿಗೆ ಬ್ಯಾರೆ ಪಂಪ್ ಇಲ್ರಿ, ಅದಾ ಪಂಪು. ಆ ಪೈಪು ಬಿಸಿ ಸೈಲೆನ್ಸರಿಗೆ ತಾಗಿ ಸೀಳಿತ್ತು. ಹೊರಗಿಂದನ ಕಾಣ್ತಿತ್ರಿ.”

ಆ ಪೈಪನ್ನು ನಾನು ನೋಡಿದ್ದೆ. ಟ್ರ್ಯಾಕ್ಟರು, ಬಸ್ಸು, ಎಲ್ಲದರಲ್ಲೂ ಹೆಚ್ಚಾದ ಡೀಸಲ್ ಟ್ಯಾಂಕಿಗೆ ಮರಳಿಸುವ ಪೈಪು ಒಂದಿರುತ್ತದೆ. ಇದೂ ಅದೇ ಎಂದುಕೊಂಡು ಬಿಟ್ಟಿದ್ದೆ. ನನ್ನ ಕ್ರಮದಲ್ಲಿ ಅದಕ್ಕೆ ಜಾಗವಿರಲಿಲ್ಲ. ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ಪೈಪಿನಲ್ಲಿ ಯಾವ ದೋಷವೂ ಇರಲಿಲ್ಲ. ಅದಕ್ಕೆ ಬಾಯಿ ಹಚ್ಚುವ ಅಗತ್ಯವೇ ಇರಲಿಲ್ಲ.

“ಈರಣ್ಣಗ ಹೇಳಿದ್ಯೇನು?”

“ಇಲ್ರಿ ಸರ್. ನನಗ ಹೇಳಾಕ ಆಗವಲ್ದು.”

“ನಾ ಹೇಳ್ತೀನಿ,” ಎಂದೆ. ಆದರೆ ಆಸ್ಪತ್ರೆಯಲ್ಲಿ ನಾಲ್ಕು ದಿನ ಅವನ ಮಂಚದ ಪಕ್ಕದಲ್ಲೇ ಕುಳಿತಿದ್ದರೂ ಹೇಳಲಿಲ್ಲ.

ಫೆಬ್ರವರಿ 26, ಶನಿವಾರ ಮನೆಗೆ ಕಳಿಸಿದರು. ಕೊಪ್ಪಳ ತಲುಪಿದಾಗ ಮಧ್ಯಾಹ್ನ ಮೂರೂವರೆ. ಈರಣ್ಣ ಜ್ವರ ಬಿಟ್ಟವನ ಹಾಗೆ ಸಣ್ಣಗಾಗಿದ್ದ. ಜೀಪಿನಿಂದ ಇಳಿದವನೇ, “ಮೊದಲ ಅಂಗಡಿಗೆ ಹೋಗೋಣು,” ಎಂದ.

“ಅಲ್ಲೇನ್ ಐತ್ರಿ ಈಗ? ಮನಿಗೆ ಬರ್ರಿ,” ಎಂದಳು ಶಾಂತವ್ವ.

“ಕೆಲಸ ಐತಿ,” ಎಂದ.

ನಾನು ಶಟರ್ ಎತ್ತಿದೆ. ಅವನು ಗೋಡೆ ತಡವುತ್ತ ಹೋಗಿ ತನ್ನ ಸ್ಟೂಲಿನ ಮೇಲೆ ಕುಳಿತ. ಶಾಂತವ್ವ ಹೊಸ್ತಿಲಲ್ಲಿ ನಿಂತಳು. ಈರಣ್ಣ ಕೇಳಿದ: “ಆ ಗಾಡೀದು ದೋಷ ಏನಿತ್ತಂತ್ರಿ ಸಾಹೇಬ್ರ? ಹುಡುಗ ನನ್ನ ಮುಂದ ಮಾತಾ ಎತ್ತವಲ್ಲ.”

ಹೇಳಿದೆ. ಪೈಪಿನ ಸೀಳು, ಹೊಗೆಯ ಒತ್ತಡ, ನಾನು ಅದನ್ನು ಓವರ್‌ಫ್ಲೋ ಎಂದುಕೊಂಡದ್ದು, ಎಲ್ಲವನ್ನೂ ಬಿಡದೆ ಹೇಳಿದೆ. 

“ಹಂಗಾರ ಎಳದು ನೋಡೋದು ಬೇಕಿದ್ದಿಲ್ಲ.”

“ಬೇಕಿದ್ದಿಲ್ಲ.”

“ಕಣ್ಣಿಲೆ ನೋಡಿದ್ರ ಕಾಣ್ತಿತ್ತು.”

“ಕಾಣ್ತಿತ್ತು ಈರಣ್ಣ. ಹಚ್ಚು ಅಂದಾಂವ ನಾನು. ಆರಕ್ಕ ಫೋನ್ ಬಂದಾಗ ಬರಲಾರದಾಂವನೂ ನಾನಾ.”

ಅವನು ತಲೆ ಬಗ್ಗಿಸಿ ಕುಳಿತ. ರಸ್ತೆಯಲ್ಲಿ ಅದಿರಿನ ಲಾರಿಗಳು ಒಂದರ ಹಿಂದೆ ಒಂದು ಹೋದವು. ಕ್ಷಮಿಸು ಎಂದು ಕೇಳಬೇಕೆಂದು ಬಳ್ಳಾರಿಯಿಂದ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಕೇಳಿದರೆ ಅವನು “ಇರ್ಲಿ ಬಿಡ್ರಿ” ಎನ್ನುತ್ತಿದ್ದ. ನಾನು ಹೇಳಿದ್ದಕ್ಕೆ ಹೂಂ ಎನ್ನುವುದೇ ಅವನಿಗೆ ರೂಢಿ. ಆ ರೂಢಿಯಿಂದ ಬರುವ ಕ್ಷಮೆಯನ್ನು ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ, ಅವನೂ ಕೊಟ್ಟಿಲ್ಲ. ಆ ಭಾರ ಹಾಗೆಯೇ ಇದೆ. ಇರಬೇಕಾದದ್ದೇ.

ಕೊನೆಗೆ ಅವನೇ ಮಾತಾಡಿದ. “ಮೂಲ್ಯಾಗ ಒಂದು ಟ್ರೇ ಐತಿ ನೋಡ್ರಿ. ಮ್ಯಾಲ ಅರಿವಿ ಮುಚ್ಚೀನಿ. ಕುಷ್ಟಗಿ ಕಡೆಯವ್ರ ಟ್ರ್ಯಾಕ್ಟರಿಂದು. ಸೋಮವಾರ ಕೊಡ್ತೀನಿ ಅಂದಿದ್ದೆ. ಎರಡು ವಾರ ಆತು. ಹೊಲದ ಕೆಲಸ ನಿಂತಿರ್ತೈತಿ ಅವರದು. ಕೂಡಸ್ರಿ.”

ಟ್ಯಾಂಕಿನಿಂದ ಡೀಸಲ್ ಎಳೆದು ಕೊಡುವ ಸಣ್ಣ ಪಂಪು. ಬಿಡಿ ಭಾಗಗಳು ಸೀಮೆಎಣ್ಣೆಯಲ್ಲಿ ಮುಳುಗಿದ್ದವು. ನಾನು ನನ್ನ ಕುರ್ಚಿ ಬಿಟ್ಟು ಅವನ ಎದುರು ನೆಲದ ಮೇಲೆ ಕುಳಿತೆ. ಏಳು ವರ್ಷಗಳಿಂದ ಪಾನಾ ಹಿಡಿದಿರಲಿಲ್ಲ. ಪಿಸ್ಟನ್, ಸ್ಪ್ರಿಂಗು, ಎರಡು ವಾಲ್ವು. ಒಂದೊಂದನ್ನೂ ಒರೆಸಿ, ಹೆಸರು ಹೇಳಿ, ಅವನ ಅಂಗೈಯಲ್ಲಿ ಇಟ್ಟೆ. ಅವನು ಬೆರಳಿನಿಂದ ಸುತ್ತ ಸವರಿ ನೋಡಿ ವಾಪಸು ಕೊಟ್ಟ. ಕೂಡಿಸಿ ಬಿಗಿದು, ಮೇಲಿನ ಗುಂಡಿಯನ್ನು ಕೈಯಿಂದ ಒತ್ತಿದೆ. ಟಕ್, ಟಕ್ ಎಂದಿತು. ನನಗೆ ಸರಿಯಾಗಿಯೇ ಕೇಳಿಸಿತು.

“ಒಂದು ವಾಲ್ವ್ ಕುಂತಿಲ್ಲ. ಬಿಚ್ರಿ,” ಎಂದ ಈರಣ್ಣ.

ಬಿಚ್ಚಿದೆ. ಎರಡನೇ ವಾಲ್ವು ಕೂದಲೆಳೆಯಷ್ಟು ವಾರೆಯಾಗಿ ಕುಳಿತಿತ್ತು. ತೆಗೆದು ಒರೆಸಿ ಮತ್ತೆ ಕೂರಿಸಿದೆ. ಒತ್ತಿದೆ. ಅವನು ಕಿವಿಗೊಟ್ಟು ಕೇಳಿದ.

“ಇನ್ನೊಮ್ಮೆ.”

ಒತ್ತಿದೆ.

“ಆತು.”

ಶಾಂತವ್ವ ಒಳಗೆ ಬಂದು ಹಳೆಯ ಗೋಣಿಯ ತುಂಡು ಕೊಟ್ಟಳು. ಪಂಪನ್ನು ಅದರಲ್ಲಿ ಸುತ್ತಿ, ದಾರ ಬಿಗಿದು, ಟ್ರ್ಯಾಕ್ಟರಿನವನ ಹೆಸರು ಬರೆದ ಚೀಟಿ ಕಟ್ಟಿ, ಬಾಗಿಲ ಪಕ್ಕದ ಹಲಗೆಯ ಮೇಲೆ ಇಟ್ಟೆ. ಆಗ ಸಂಜೆ ಆರೂ ಹತ್ತು.